ಊರುಭಂಗದ ದುರ್ಯೋಧನ: ಲೋಭ, ಮಾನ ಮತ್ತು ದುರಂತನಾಯಕತ್ವ

ಸಂಸ್ಕೃತ ನಾಟಕಗಳು ಸಾಮಾನ್ಯವಾಗಿ ಮಂಗಳಾಂತವಾದವು. ನಾಯಕನ ಮರಣವನ್ನು ರಂಗದ ಮೇಲೆ ತೋರಿಸಲಾಗದೆಂಬುದು ಲಾಕ್ಷಣಿಕರ ಬಹುಮತ. ಈ ಎರಡು ನಿಯಮಗಳಿಗೂ ಅಪವಾದವಾಗಿ ನಿಂತಿರುವ ಕೃತಿ ಭಾಸನ ಹೆಸರಿನಲ್ಲಿ ಪ್ರಸಿದ್ಧವಾದ 'ಊರುಭಂಗ'. ಒಂದೇ ಅಂಕದ ಈ ರೂಪಕದಲ್ಲಿ ತೊಡೆ ಮುರಿದ ದುರ್ಯೋಧನನು ನೆಲದ ಮೇಲೆ ತೆವಳುತ್ತ ಪ್ರವೇಶಿಸಿ, ಬಂಧುಗಳನ್ನು ಕಂಡು, ಪ್ರೇಕ್ಷಕರ ಎದುರಿನಲ್ಲಿಯೇ ಪ್ರಾಣ ಬಿಡುತ್ತಾನೆ. ಇದನ್ನು ಕೆಲವರು ಉತ್ಸೃಷ್ಟಿಕಾಂಕವೆಂದೂ ಕೆಲವರು ವ್ಯಾಯೋಗವೆಂದೂ ವರ್ಗೀಕರಿಸಿದ್ದಾರೆ. ಹೆಸರು ಯಾವುದಾದರೂ ಆಗಲಿ, ಅತಿಯಾದ ರಾಜ್ಯಾಕಾಂಕ್ಷೆಯಿಂದ ಒಬ್ಬ ಮಹಾಸತ್ತ್ವನು ಹೇಗೆ ಕೆಡುತ್ತಾನೆಂಬುದನ್ನು ಇಷ್ಟು ಹತ್ತಿರದಿಂದ ತೋರಿಸುವ ಪ್ರಾಚೀನ ರೂಪಕ ಭಾರತೀಯ ವಾಙ್ಮಯದಲ್ಲಿ ವಿರಳ.

ಈ ಕೃತಿ ವಿದ್ವಲ್ಲೋಕಕ್ಕೆ ದೊರೆತ ಬಗೆಯೂ ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗಳಿಗೆ ಸುಪರಿಚಿತ. 1909-10ರ ಸುಮಾರಿನಲ್ಲಿ ತಿರುವಾಂಕೂರು ಸಂಸ್ಥಾನದ ಪದ್ಮನಾಭಪುರದ ಬಳಿ ಮಹಾಮಹೋಪಾಧ್ಯಾಯ ಟಿ. ಗಣಪತಿಶಾಸ್ತ್ರಿಗಳಿಗೆ ಮಲಯಾಳ ಲಿಪಿಯ ತಾಳೆಗರಿಯ ಕಟ್ಟು ಸಿಕ್ಕಿತು. 1912ರಿಂದ ಅನಂತಶಯನ ಗ್ರಂಥಮಾಲೆಯಲ್ಲಿ ಹದಿಮೂರು ರೂಪಕಗಳು ಕ್ರಮವಾಗಿ ಬೆಳಕು ಕಂಡವು. ಈ ಪ್ರತಿಗಳಲ್ಲಿ ಕವಿಯ ಹೆಸರಿಲ್ಲ. ನಾಂದಿಯ ಅನಂತರ ಸೂತ್ರಧಾರನ ಪ್ರವೇಶ, ಪ್ರಸ್ತಾವನೆಗೆ ಬದಲಾಗಿ ಸ್ಥಾಪನೆ ಎಂಬ ಹೆಸರು ಮೊದಲಾದ ಸಮಾನ ಲಕ್ಷಣಗಳಿಂದ ಇವೆಲ್ಲ ಒಬ್ಬನವೇ ಎಂದು ಊಹಿಸಲಾಯಿತು. ಭಾಸಕರ್ತೃತ್ವದ ವಾದ ಇಂದಿಗೂ ಪೂರ್ತಿ ಮುಗಿದಿಲ್ಲ. ಆ ವಾದದಲ್ಲಿ ಜೈನ ಗ್ರಂಥವೊಂದರ ಸಾಕ್ಷ್ಯವೂ ಸೇರಿದೆ. ಹೇಮಚಂದ್ರಾಚಾರ್ಯರ ಶಿಷ್ಯರಾದ ರಾಮಚಂದ್ರ-ಗುಣಚಂದ್ರರು ತಮ್ಮ 'ನಾಟ್ಯದರ್ಪಣ'ದಲ್ಲಿ ಭಾಸನ 'ಸ್ವಪ್ನವಾಸವದತ್ತ'ದಿಂದ ಉದ್ಧರಿಸಿದ ಶ್ಲೋಕವು ತಿರುವಾಂಕೂರಿನ ಪ್ರತಿಯಲ್ಲಿ ಕಾಣದೆ ಹೋದದ್ದು ವಿದ್ವಾಂಸರಲ್ಲಿ ದೀರ್ಘ ಚರ್ಚೆಗೆ ಕಾರಣವಾಯಿತು. ಕರ್ತೃವಿಚಾರ ಏನೇ ಇರಲಿ, ಪ್ರಕೃತದಲ್ಲಿ ವಿಚಾರಣೀಯವಾದುದು ಕೃತಿಯ ಒಳಗಣ ದುರ್ಯೋಧನ.

ದುರ್ಯೋಧನನ ವಿಷಯದಲ್ಲಿ ಕನ್ನಡ ನಾಡಿನಲ್ಲಿ ಎರಡು ಪಕ್ಷಗಳು ಬೆಳೆದು ಬಂದಿವೆ. ಪಂಡಿತ ಪರಂಪರೆಯ ಒಂದು ಪಕ್ಷಕ್ಕೆ ಅವನು ಖಳನೇ. ದುರಂತನಾಟಕವೆಂಬುದು ಪರದೇಶದ ಸರಕು, ನಮ್ಮ ಶಾಸ್ತ್ರಕ್ಕೆ ಸಲ್ಲದು ಎಂಬುದು ಇವರ ನಿಲುವು. ಇನ್ನೊಂದು ಪಕ್ಷವು ಗ್ರೀಕ್ ರುದ್ರನಾಟಕಗಳ ಪರಿಚಯದಿಂದ ಹುಟ್ಟಿದ್ದು. ಬಿ. ಎಂ. ಶ್ರೀಕಂಠಯ್ಯನವರು ರನ್ನನ ಗದಾಯುದ್ಧವನ್ನು 'ಗದಾಯುದ್ಧ ನಾಟಕಂ' ಎಂದು ರಂಗಕ್ಕೆ ಅಳವಡಿಸಿದ ಮೇಲೆ ದುರ್ಯೋಧನನನ್ನು ದುರಂತನಾಯಕನೆಂದು ಕೊಂಡಾಡುವುದು ರೂಢಿಯಾಯಿತು. ಈ ಪಕ್ಷದ ಅತಿರೇಕದಲ್ಲಿ ಅವನ ಅಂತ್ಯಕಾಲದ ಔದಾರ್ಯವೇ ಅವನ ಎಲ್ಲ ದುಷ್ಕೃತ್ಯಗಳಿಗೆ ಖುಲಾಸೆಯ ಪತ್ರವಾಗಿ ಪರಿಣಮಿಸಿದೆ. ಮೊದಲ ಪಕ್ಷವು ಕೃತಿಯ ಕರುಣವನ್ನು ಕಾಣುವುದಿಲ್ಲ. ಎರಡನೆಯದು ಕರುಣವನ್ನು ಕಂಡು ದೋಷವನ್ನು ಮರೆಯುತ್ತದೆ. ಕೃತಿಯನ್ನು ಪದಶಃ ಓದಿದರೆ ಎರಡೂ ನಿಲ್ಲುವುದಿಲ್ಲ. ಈ ತೊಡಕನ್ನು ಬಿಡಿಸಲು ಜೈನಾಗಮದ ಕಷಾಯವಿಚಾರದಷ್ಟು ಸೂಕ್ಷ್ಮವಾದ ಉಪಕರಣ ಬೇರೊಂದಿಲ್ಲ.

ಲೋಭವು ಮಾನವಾಗುವ ಬಗೆ

ಭಾಸನ ಹೆಸರಿನ ರೂಪಕಗಳಲ್ಲಿ ದುರ್ಯೋಧನನು ಒಂದೇ ಬಗೆಯಾಗಿ ಚಿತ್ರಿತನಾಗಿಲ್ಲ. 'ಪಂಚರಾತ್ರ'ದಲ್ಲಿ ಅವನು ಯಜ್ಞಾಂತ್ಯದಲ್ಲಿ ದ್ರೋಣನಿಗೆ ಕೊಟ್ಟ ಮಾತಿನಂತೆ, ಐದು ರಾತ್ರಿಗಳೊಳಗೆ ಪಾಂಡವರ ಸುಳಿವು ಸಿಕ್ಕಿದ್ದರಿಂದ, ಅರ್ಧರಾಜ್ಯವನ್ನು ಕೊಟ್ಟೇ ಬಿಡುತ್ತಾನೆ. 'ದೂತವಾಕ್ಯ'ದಲ್ಲಾದರೋ ಅವನು ಸಂಧಿಗೆ ಬಂದ ಕೃಷ್ಣನನ್ನು ಅವಮಾನಿಸಲು ಸಿದ್ಧನಾಗಿ ಕುಳಿತವನು. ಕೇಶವನು ಸಭೆಗೆ ಬಂದಾಗ ಯಾರೂ ಎದ್ದು ನಿಲ್ಲಬಾರದು, ಎದ್ದವನಿಗೆ ಹನ್ನೆರಡು ಸುವರ್ಣಭಾರಗಳ ದಂಡ ಎಂದು ಆಜ್ಞೆ ಮಾಡುತ್ತಾನೆ. ದ್ರೌಪದಿಯ ಕೇಶಾಕರ್ಷಣದ ಚಿತ್ರಪಟವನ್ನು ತರಿಸಿ ನೋಡುತ್ತ ಕುಳಿತುಕೊಳ್ಳುತ್ತಾನೆ. ಕೃಷ್ಣನು ಪಾಂಡವರ ದಾಯಭಾಗವನ್ನು ಕೇಳಿದಾಗ, ರಾಜ್ಯವೆಂಬುದು ಬೇಡಿ ಪಡೆಯುವ ವಸ್ತುವಲ್ಲ, ದೀನರಿಗೆ ದಾನ ಕೊಡುವ ವಸ್ತುವೂ ಅಲ್ಲ, ಗೆದ್ದು ಅನುಭವಿಸತಕ್ಕದ್ದು ಎಂಬ ಅರ್ಥದಲ್ಲಿ ಉತ್ತರಿಸುತ್ತಾನೆ.

ಈ ಉತ್ತರದಲ್ಲಿ ಆಕಾಂಕ್ಷೆಯ ಮೂಲಸ್ವರೂಪವಿದೆ. ಪರರ ಭಾಗವನ್ನು ತನ್ನದೆಂದು ಹಿಡಿದಿಟ್ಟುಕೊಳ್ಳುವುದು ಲೋಭ. ಹಾಗೆ ಹಿಡಿದಿಟ್ಟುಕೊಂಡುದನ್ನೇ ಕ್ಷಾತ್ರವೆಂದು ಹೊಗಳಿಕೊಳ್ಳುವುದು ಮಾನ. ದ್ಯೂತದ ವಂಚನೆಯಿಂದ ಗೆದ್ದವನು ಬಾಹುಬಲದ ಮಾತನ್ನು ಆಡುವಲ್ಲಿ ಮಾಯೆಯೂ ಸೇರುತ್ತದೆ. ಕ್ರೋಧವಂತೂ ಸಭೆಯಲ್ಲಿ ಎದ್ದು ಕಾಣುವಂಥದು. ನಾಲ್ಕು ಕಷಾಯಗಳೂ ಒಬ್ಬನಲ್ಲಿ ಒಂದೇ ದೃಶ್ಯದಲ್ಲಿ ಕೂಡಿರುವುದನ್ನು ಇಲ್ಲಿ ಕಾಣಬಹುದು. ಧನಂಜಯನು ದಶರೂಪಕದಲ್ಲಿ ಧೀರೋದ್ಧತ ನಾಯಕನಿಗೆ ದರ್ಪ, ಮಾತ್ಸರ್ಯ, ಮಾಯೆ, ಕಪಟ, ಅಹಂಕಾರ, ಆತ್ಮಶ್ಲಾಘೆಗಳನ್ನು ಲಕ್ಷಣವಾಗಿ ಹೇಳಿದ್ದಾನೆ. ಆ ಲಕ್ಷಣಪಟ್ಟಿಗೂ ಆಗಮದ ಕಷಾಯಪಟ್ಟಿಗೂ ಇರುವ ಸಾಮೀಪ್ಯ ಗಮನಾರ್ಹ. ಆದರೆ ನಾಟ್ಯಶಾಸ್ತ್ರವು ಗುಣಗಳನ್ನು ಎಣಿಸಿ ನಿಲ್ಲುತ್ತದೆ; ಆಗಮವು ಅವು ಒಂದರಿಂದೊಂದು ಹೇಗೆ ಪೋಷಿತವಾಗುತ್ತವೆ, ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆಯವರೆಗೆ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ವಿಮರ್ಶಕನಿಗೆ ಬೇಕಾದುದು ಈ ಎರಡನೆಯ ಜ್ಞಾನ.

ಲೋಭವು ಮಾನವಾಗಿ ಮಾರ್ಪಡುವ ಘಟ್ಟವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದವನು ಕನ್ನಡದ ರನ್ನ. ಚಾಳುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿ, ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಅಭೇದಗೊಳಿಸಿ ಬರೆದ 'ಸಾಹಸಭೀಮವಿಜಯ'ದಲ್ಲಿ ಕಥಾನಾಯಕ ಭೀಮ. ಆದರೆ ಓದುಗನ ಮನಸ್ಸನ್ನು ತುಂಬುವವನು ದುರ್ಯೋಧನ. ಧೃತರಾಷ್ಟ್ರ-ಗಾಂಧಾರಿಯರು ಸಂಧಿಯ ಮಾತನ್ನು ಎತ್ತಿದಾಗಲೂ, ಶರಶಯ್ಯೆಯ ಭೀಷ್ಮನು ಅದನ್ನೇ ಹೇಳಿದಾಗಲೂ ಅವನು ಒಪ್ಪುವುದಿಲ್ಲ. ತನ್ನ ಹೋರಾಟ ಇನ್ನು ಭೂಮಿಯ ಆಸೆಯಿಂದಲ್ಲ, ಹಿಡಿದ ಹಟಕ್ಕಾಗಿ ಎಂಬುದು ಅವನ ಸಮರ್ಥನೆ. ಕರ್ಣ ದುಶ್ಶಾಸನರನ್ನು ಕೊಂದವರೊಡನೆ ಹಂಚಿಕೊಂಡು ಬಾಳುವ ನೆಲ ಅವನಿಗೆ ಪಾಳುನೆಲ. ಇದನ್ನು ಆಧುನಿಕ ವಿಮರ್ಶೆಯು ಲೋಭದ ಮೇಲಿನ ವಿಜಯವೆಂದು ವ್ಯಾಖ್ಯಾನಿಸಿದೆ. ಪಂಪನೂ ತನ್ನ ಭಾರತದ ಕೊನೆಯಲ್ಲಿ ಛಲಕ್ಕೆ ದುರ್ಯೋಧನನನ್ನೇ ನೆನೆಯುತ್ತಾನೆ. ಆದರೆ ಛಲವು ಲೋಭದ ಅಭಾವವಲ್ಲ. ನೆಲದ ಆಸೆಯಿಂದ ಹೊರಟ ಯುದ್ಧದಲ್ಲಿ ನೆಲದ ಭೋಗಕ್ಕೆ ಬೇಕಾದವರೆಲ್ಲ ಸತ್ತ ಮೇಲೆ, ಆಸೆಗೆ ಆಲಂಬನವಿಲ್ಲದೆ ಉಳಿದ ವೇಗದ ಹೆಸರು ಛಲ. ಹಣತೆಯಲ್ಲಿ ಎಣ್ಣೆ ಮುಗಿದ ಮೇಲೆ ಬತ್ತಿಯೇ ಉರಿಯುವಂತೆ ಇದು. ಬೆಳಕು ದೊಡ್ಡದಾಗಿ ಕಾಣುತ್ತದೆ. ಉರಿಯುತ್ತಿರುವುದು ಮಾತ್ರ ಆಧಾರವೇ.

ರನ್ನನ ಕಾಲ ಮತ್ತು ಪರಿಸರವನ್ನು ನೆನೆದರೆ ಈ ಓದು ಹೊರಗಿನಿಂದ ಹೇರಿದುದಲ್ಲವೆಂಬುದು ತಿಳಿಯುತ್ತದೆ. ಅವನು ಅಜಿತಸೇನಾಚಾರ್ಯರ ಶಿಷ್ಯ. ಚಾವುಂಡರಾಯನ ಆಶ್ರಯ ಅವನಿಗೂ ದೊರೆತಿತ್ತು. ಅದೇ ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 'ಗೊಮ್ಮಟಸಾರ'ವನ್ನು ರಚಿಸಿದರು. ಆ ಗ್ರಂಥದ ಜೀವಕಾಂಡದಲ್ಲಿ ಮಾನಕಷಾಯದ ನಾಲ್ಕು ತರತಮಗಳಿಗೆ ಕಲ್ಲು, ಎಲುಬು, ಕಟ್ಟಿಗೆ, ಬೆತ್ತ ಇವುಗಳನ್ನು ದೃಷ್ಟಾಂತವಾಗಿ ಹೇಳಿ, ಅನುಕ್ರಮವಾಗಿ ನರಕ, ತಿರ್ಯಕ್, ಮನುಷ್ಯ, ದೇವಗತಿಗಳ ಸಂಬಂಧವನ್ನು ಸೂಚಿಸಲಾಗಿದೆ. ಬೆತ್ತ ಬಾಗುತ್ತದೆ, ಕಟ್ಟಿಗೆ ಪ್ರಯತ್ನದಿಂದ ಬಾಗುತ್ತದೆ, ಎಲುಬು ಬಹು ಕಷ್ಟದಿಂದ. ಕಲ್ಲಿನ ಕಂಬ ಬಾಗುವುದೇ ಇಲ್ಲ, ಮುರಿಯುತ್ತದೆ. ಗೊಮ್ಮಟಸಾರವನ್ನು ರನ್ನನು ಓದಿದ್ದನೆಂದು ಇದರಿಂದ ಸಿದ್ಧಾಂತ ಮಾಡಬೇಕಾಗಿಲ್ಲ. ಕಷಾಯಗಳ ಈ ವಿವೇಚನೆ ಆ ಕಾಲದ ಶ್ರಾವಕವಿದ್ವಾಂಸರ ಮನೆಮಾತಾಗಿತ್ತೆಂದು ತಿಳಿದರೆ ಸಾಕು.

ಏಳಲೊಲ್ಲದವನು, ಏಳಲಾರದವನು

ಊರುಭಂಗದ ದುರ್ಯೋಧನನನ್ನು ದೂತವಾಕ್ಯದವನ ಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ವಿಶೇಷ ಹೊಳೆಯುತ್ತದೆ. ದೂತವಾಕ್ಯದಲ್ಲಿ ಅವನು ಪೂಜ್ಯನೊಬ್ಬನಿಗೆ ಏಳಲೊಲ್ಲದವನು. ಕೃಷ್ಣನ ಪ್ರವೇಶವಾದಾಗ ಅವನು ತನಗೆ ಅರಿವಿಲ್ಲದೆಯೇ ಆಸನದಿಂದ ಜಾರಿ ಬೀಳುತ್ತಾನೆ. ಊರುಭಂಗದಲ್ಲಿ ಕುರುಡ ತಂದೆ ತಾಯಿಯ ಜೊತೆಗೂಡಿ, ರಾಣಿಯರಾದ ಮಾಲವಿ ಪೌರವಿಯರು ಮತ್ತು ಬಾಲಕ ದುರ್ಜಯನ ಸಹಿತ ಮಗನನ್ನು ಹುಡುಕುತ್ತ ರಣರಂಗಕ್ಕೆ ಬಂದಾಗ, ಅವನು ಗುರುಪಾದಗಳಿಗೆ ನಮಸ್ಕರಿಸಲು ಏಳಬಯಸಿ ಬೀಳುತ್ತಾನೆ. ಇದು ತನಗೆ ಬಿದ್ದ ಎರಡನೆಯ ಪೆಟ್ಟು, ಭೀಮನ ಗದೆಯು ತೊಡೆಗಳ ಜೊತೆಯಲ್ಲಿ ತಂದೆಯ ಪಾದವಂದನೆಯನ್ನೂ ಕಸಿದುಕೊಂಡಿತು ಎಂಬುದು ಆಗ ಅವನ ಹಲುಬು.

ಬಾಗಬಹುದಾಗಿದ್ದಾಗ ಬಾಗಲಿಲ್ಲ, ಬಾಗಬಯಸಿದಾಗ ಬಾಗುವ ಅಂಗವೇ ಉಳಿಯಲಿಲ್ಲ. ಕಲ್ಲಿನ ಕಂಬದ ದೃಷ್ಟಾಂತವನ್ನು ರಂಗಕ್ರಿಯೆಯಾಗಿ ಮಾಡಿ ತೋರಿಸಿದರೆ ಹೀಗೆಯೇ ಇರಬೇಕು. ಪಶ್ಚಾತ್ತಾಪವು ಮನಸ್ಸಿನಲ್ಲಿ ಹುಟ್ಟಿದರೂ ಅದನ್ನು ಆಚರಣೆಗೆ ತರುವ ಸಾಮರ್ಥ್ಯವನ್ನು ಪಾಪವೇ ನುಂಗಿ ಹಾಕಿರುತ್ತದೆ. ಆಕಾಂಕ್ಷೆ ನಾಯಕನನ್ನು ಕೆಡಿಸುವ ಕ್ರಮದಲ್ಲಿ ಇದು ಅತ್ಯಂತ ದಾರುಣವಾದ ಹಂತ.

ಇದೇ ಭಾವವನ್ನು ಕವಿ ಇನ್ನೂ ತೀಕ್ಷ್ಣವಾಗಿ ದುರ್ಜಯನ ಪ್ರಸಂಗದಲ್ಲಿ ತರುತ್ತಾನೆ. ವ್ಯಾಸಭಾರತದ ಊರುಭಂಗಪ್ರಕರಣದಲ್ಲಿ ಈ ಬಾಲಕನಿಲ್ಲ. ಇದು ರೂಪಕಕಾರನ ಸ್ವೋಪಜ್ಞ ಕಲ್ಪನೆ. ಮಗು ಬಂದು ತಂದೆಯ ತೊಡೆಯ ಮೇಲೆ ಕುಳಿತುಕೊಳ್ಳಲು ಹವಣಿಸುತ್ತದೆ, ತಂದೆ ತಡೆಯುತ್ತಾನೆ. ಸಭಾಮಧ್ಯದಲ್ಲಿ ಪರಸತಿಗೆ ತೋರಿಸಿದ ತೊಡೆಯದು. ಆ ದುಷ್ಕೃತ್ಯವನ್ನು ಕವಿ ಇಲ್ಲಿ ಬಾಯಿ ಬಿಟ್ಟು ಹೇಳುವುದಿಲ್ಲ. ಭಾರತಕಥೆಯನ್ನು ಬಲ್ಲ ಪ್ರೇಕ್ಷಕನಿಗೆ ಅದು ತಾನಾಗಿ ನೆನಪಾಗುತ್ತದೆ. ಪರರಿಗೆ ಅಪಮಾನದ ಸಾಧನವಾದ ಅಂಗವು ಸ್ವಂತ ಮಗುವಿಗೆ ಆಸನವಾಗದೆ ಹೋಯಿತು.

ಈ ಅರ್ಥವಿಸ್ತಾರ ಬಹುಮಟ್ಟಿಗೆ ರಂಗಸೂಚನೆಗಳ ಮೇಲೆ ನಿಂತಿದೆ ಎಂಬುದನ್ನು ಹಸ್ತಪ್ರತಿಶೋಧಕರು ಮರೆಯಬಾರದು. ಏಳಬಯಸಿ ಬೀಳುತ್ತಾನೆ ಎಂಬ ಪುಟ್ಟ ಸೂಚನೆ ಇಲ್ಲದಿದ್ದರೆ ಮುಂದಿನ ಶ್ಲೋಕ ಬರಿಯ ವಿಲಾಪವಾಗುತ್ತಿತ್ತು. ಶ್ಲೋಕವನ್ನು ಛಂದಸ್ಸು ಕಾಯುತ್ತದೆ. ಗದ್ಯದ ಸೂಚನೆಗೆ ಅಂಥ ಕಾವಲಿಲ್ಲ. ನಾಟಕಪ್ರತಿಗಳನ್ನು ಪರಿಷ್ಕರಿಸುವವರು ಶ್ಲೋಕಗಳ ಪಾಠಾಂತರಗಳಿಗೆ ಕೊಡುವಷ್ಟೇ ಗಮನವನ್ನು ಈ ಕಿರುವಾಕ್ಯಗಳಿಗೂ ಕೊಡಬೇಕೆಂಬುದಕ್ಕೆ ಈ ಸ್ಥಳ ಉತ್ತಮ ನಿದರ್ಶನ.

ಕತಕಫಲದಿಂದ ತಿಳಿಯಾದ ನೀರು

ಊರುಭಂಗದ ನಾಯಕನಲ್ಲಿ ನಿಜವಾದ ಶಮನವಿದೆ ಎಂಬುದನ್ನು ಅಲ್ಲಗಳೆಯಲಾಗದು. ಅಧರ್ಮಯುದ್ಧದಿಂದ ಕೆರಳಿದ ಬಲರಾಮನನ್ನು ಅವನೇ ತಡೆಯುತ್ತಾನೆ. ಕುರುಕುಲಕ್ಕೆ ತರ್ಪಣ ಕೊಡಲು ಪಾಂಡವರಾದರೂ ಉಳಿಯಲಿ, ವೈರವೂ ವಿಗ್ರಹವೂ ತಾವೂ ಮುಗಿದೆವು ಎನ್ನುತ್ತಾನೆ. ಮಗನಿಗೆ, ಪಾಂಡವರನ್ನು ತಂದೆಯಂತೆ ಸೇವಿಸು, ಕುಂತಿಯ ಮಾತಿನಂತೆ ನಡೆ, ಅಭಿಮನ್ಯುವಿನ ತಾಯಿಯನ್ನೂ ದ್ರೌಪದಿಯನ್ನೂ ತಾಯಿಯಂತೆ ಕಾಣು ಎಂದು ಉಪದೇಶಿಸುತ್ತಾನೆ. ರಾತ್ರಿಯ ಸಂಹಾರಕ್ಕೆ ಹೊರಟ ಅಶ್ವತ್ಥಾಮನಿಗೂ ಬಿಲ್ಲನ್ನು ಕೆಳಗಿಡಲು ಹೇಳುತ್ತಾನೆ. ವ್ಯಾಸಭಾರತದಲ್ಲಿ ಇದೇ ಸಂದರ್ಭದ ದುರ್ಯೋಧನನು ಅಶ್ವತ್ಥಾಮನಿಗೆ ಸೇನಾಪತ್ಯಾಭಿಷೇಕ ಮಾಡಿಸುತ್ತಾನೆ. ರೂಪಕಕಾರನು ಆಕರಕ್ಕೆ ಪೂರ್ಣ ವಿರುದ್ಧವಾಗಿ ನಡೆದಿರುವುದರಿಂದ ಅವನ ಉದ್ದೇಶ ಸ್ಪಷ್ಟ.

ಅಶ್ವತ್ಥಾಮನಿಗೆ ಅವನು ಕೊಡುವ ಕಾರಣಗಳು ಇನ್ನೂ ಮುಖ್ಯ. ದ್ರೌಪದಿಯ ಮುಡಿಗೆ ಕೈಯಿಕ್ಕಿದುದು, ಬಾಲನಾದ ಅಭಿಮನ್ಯುವನ್ನು ಕೊಂದುದು, ಪಗಡೆಯ ನೆವದಿಂದ ಪಾಂಡವರನ್ನು ಕಾಡಿಗಟ್ಟಿದುದು, ಈ ಮೂರನ್ನು ತಾನೇ ಎಣಿಸಿ, ಇವಕ್ಕೆ ಹೋಲಿಸಿದರೆ ಅವರು ತನಗೆ ಮಾಡಿದ್ದು ಅಲ್ಪವಲ್ಲವೇ ಎಂದು ಕೇಳುತ್ತಾನೆ. ಇದು ಆಲೋಚನೆಯೇ ಸರಿ. ಅಂದರೆ ದೋಷವನ್ನು ಮುಚ್ಚದೆ ಹೇಳಿಕೊಳ್ಳುವಿಕೆ. ಖಳಪಕ್ಷದವರಿಗೆ ಈ ಸ್ಥಳದಲ್ಲಿ ಉತ್ತರವಿಲ್ಲ.

ಆದರೆ ಆಲೋಚನೆಯ ಪಕ್ಕದಲ್ಲಿಯೇ ಇನ್ನೊಂದು ಮಾತು ಇದೆ. ರಾಜರಿಗೆ ಮಾನವೇ ಶರೀರ, ತಾನು ಹೋರಾಡಿದ್ದು ಮಾನಕ್ಕಾಗಿ ಎಂದು ಅವನು ಹೇಳುತ್ತಾನೆ. ಈ ಮಾತನ್ನು ಕ್ಷಾತ್ರದ ಸೂಕ್ತಿಯೆಂದು ಉದ್ಧರಿಸುವವರುಂಟು. ರೂಪಕದ ಒಳಗೆ ಅದು ಭಯಂಕರವಾದ ಸತ್ಯವಚನ. ಮಾನವೇ ಶರೀರವಾದವನಿಗೆ ಮಾನವನ್ನು ಬಿಡುವುದು ದೇಹವನ್ನು ಬಿಟ್ಟಂತೆ. ಆದುದರಿಂದ ದೇಹವನ್ನು ಬಿಡುವವರೆಗೆ ಮಾನವನ್ನು ಬಿಡಲಾರ. ಕಷಾಯವನ್ನು ಆತ್ಮಸ್ವರೂಪವೆಂದು ಭ್ರಮಿಸುವುದೇ ಮಿಥ್ಯಾತ್ವ. ದುರ್ಯೋಧನನು ತನ್ನ ಕೃತ್ಯಗಳನ್ನು ದೋಷವೆಂದು ಕಂಡನು; ಆ ಕೃತ್ಯಗಳನ್ನು ಮಾಡಿಸಿದುದನ್ನು ಮಾತ್ರ ತಾನೇ ಎಂದು ತಿಳಿದನು.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಉಪಶಮ ಮತ್ತು ಕ್ಷಯಗಳ ಭೇದವನ್ನು ತಿಳಿಸಲು ಕೊಟ್ಟಿರುವ ದೃಷ್ಟಾಂತ ಪ್ರಸಿದ್ಧ. ಕತಕಫಲ ಮೊದಲಾದುವನ್ನು ಹಾಕಿದಾಗ ನೀರಿನ ಕೆಸರು ತಳಕ್ಕೆ ಇಳಿದು ನೀರು ತಿಳಿಯಾಗುತ್ತದೆ, ಇದು ಉಪಶಮ. ಆ ತಿಳಿನೀರನ್ನು ಬೇರೆ ಶುದ್ಧಪಾತ್ರೆಗೆ ಬಗ್ಗಿಸಿದಾಗ ಕೆಸರಿನ ಅತ್ಯಂತಾಭಾವ, ಇದು ಕ್ಷಯ. ಈ ಭೇದವು ಕರ್ಮದ ಅವಸ್ಥೆಗಳಿಗೆ ಸಂಬಂಧಿಸಿದ ಸಿದ್ಧಾಂತವಾದುದರಿಂದ ಲೌಕಿಕ ನಾಟಕದ ಪಾತ್ರಕ್ಕೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ದೃಷ್ಟಾಂತವಾಗಿ ಇದು ಊರುಭಂಗದ ಉತ್ತರಾರ್ಧವನ್ನು ಬೆಳಗುತ್ತದೆ. ಗದಾಘಾತ, ತಂದೆ ತಾಯಿಯರ ದುಃಖ, ಮಗುವಿನ ಮುಗ್ಧತೆ ಇವು ಕತಕಫಲದಂತೆ ಕೆಲಸ ಮಾಡಿ ದುರ್ಯೋಧನನ ಚಿತ್ತವನ್ನು ತಿಳಿಗೊಳಿಸುತ್ತವೆ. ಕೆಸರು ಪಾತ್ರೆಯಲ್ಲಿಯೇ ಇದೆ.

ಪಾತ್ರೆಯನ್ನು ಕಲಕುವವನು ಅಶ್ವತ್ಥಾಮ. ದುರ್ಯೋಧನನ ಮಾತಿಗೆ ಅವನು ಒಪ್ಪುವುದಿಲ್ಲ. ರಾತ್ರಿಯ ಯುದ್ಧದ ಶಪಥವನ್ನು ಗಟ್ಟಿಮಾಡಿ, ಅಭಿಷೇಕಜಲವಿಲ್ಲದೆಯೇ ಬ್ರಾಹ್ಮಣವಾಕ್ಯಮಾತ್ರದಿಂದ ದುರ್ಜಯನನ್ನು ರಾಜನನ್ನಾಗಿ ಮಾಡುತ್ತಾನೆ. ಆಗ ದುರ್ಯೋಧನನು ತನ್ನ ಹೃದಯಕ್ಕೆ ಸಮ್ಮತವಾದುದು ನಡೆಯಿತೆಂದು ಸಂತೋಷಪಡುತ್ತಾನೆ. ಕೆಲವೇ ಕ್ಷಣಗಳ ಹಿಂದೆ ಅದೇ ಮಗನಿಗೆ ಪಾಂಡವರ ಸೇವೆಯನ್ನು ವಿಧಿಸಿದ ತಂದೆ ಈತ. ವೈರ ಮುಗಿಯಿತೆಂದವನ ಎದುರಿನಲ್ಲಿ ವೈರದ ಉತ್ತರಾಧಿಕಾರ ಸ್ಥಾಪಿತವಾಯಿತು, ಅವನು ಬೇಡವೆನ್ನಲಿಲ್ಲ.

ಎರಡೂ ಪಕ್ಷದ ವಿಮರ್ಶಕರು ಈ ಸಂತೋಷವನ್ನು ದಾಟಿ ಹೋಗಿದ್ದಾರೆ. ಆದರೆ ರೂಪಕದ ಕೀಲು ಇಲ್ಲಿದೆ. ಕ್ಷಪಕಶ್ರೇಣಿಯಲ್ಲಿ ಸಂಜ್ವಲನ ಕ್ರೋಧ, ಮಾನ, ಮಾಯೆಗಳು ಹೋದ ಮೇಲೂ ಸೂಕ್ಷ್ಮಲೋಭವು ಹತ್ತನೆಯ ಗುಣಸ್ಥಾನದವರೆಗೆ ಉಳಿಯುತ್ತದೆಂದು ಶಾಸ್ತ್ರ. ಮಹಾಮುನಿಗಳ ವಿಷಯವಾದ ಆ ಕ್ರಮವನ್ನು ಇಲ್ಲಿಗೆ ಎಳೆಯುವುದು ಅನುಚಿತ. ಆದರೆ ಅದರ ಹಿಂದಿನ ಮನೋವಿವೇಕ ಇಲ್ಲಿಗೂ ಸಲ್ಲುತ್ತದೆ. ಎಲ್ಲಕ್ಕಿಂತ ಮೊದಲು ಬಂದ ಆಸೆ ಎಲ್ಲಕ್ಕಿಂತ ಕೊನೆಯಲ್ಲಿ ಹೋಗುತ್ತದೆ. ನೆಲಕ್ಕಾಗಿ ಅಲ್ಲವೆಂದವನೂ ನೆಲವು ಮಗನ ಹೆಸರಿಗೆ ಬಂದಾಗ ಹಿಗ್ಗಿದನು. ಮಾನವೆಂದು ತೋರುತ್ತಿದ್ದುದರ ಒಳಗೆ ಲೋಭವು ಸೂಕ್ಷ್ಮವಾಗಿ ಜೀವಿಸಿತ್ತು.

ಮರಣದ ಅತಿಚಾರಗಳು

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನೆಗೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ದುರ್ಯೋಧನನು ವ್ರತಿಯಲ್ಲ, ಅವನನ್ನು ವ್ರತಭಂಗಕ್ಕಾಗಿ ನಿಂದಿಸುವುದು ಹಾಸ್ಯಾಸ್ಪದ. ಆದರೆ ಸಾಯುವವನ ಮನಸ್ಸು ಯಾವ ಯಾವ ಕಡೆ ಹರಿಯಬಹುದೆಂಬುದಕ್ಕೆ ಇಷ್ಟು ಪೂರ್ಣವಾದ ಪಟ್ಟಿ ಯಾವ ನಾಟ್ಯಶಾಸ್ತ್ರದಲ್ಲಿಯೂ ದೊರೆಯದು.

ಊರುಭಂಗದ ಅತ್ಯಂತ ಕೋಮಲವಾದ ಮಾತು ಗಾಂಧಾರಿಗೆ ಹೇಳಿದ್ದು: ತಾನು ಏನಾದರೂ ಪುಣ್ಯ ಮಾಡಿದ್ದರೆ ಜನ್ಮಾಂತರದಲ್ಲಿಯೂ ನೀನೇ ತಾಯಿಯಾಗಬೇಕು ಎಂಬ ಪ್ರಾರ್ಥನೆ. ಸಹೃದಯನ ಕಣ್ಣು ಒದ್ದೆಯಾಗುವ ಸ್ಥಳವಿದು. ಪುಣ್ಯವನ್ನು ಮುಂದಿನ ಭವದ ಬೆಲೆಯಾಗಿ ಕಟ್ಟುವ ಈ ಕೋರಿಕೆಯೇ ನಿದಾನ. ಅಂತ್ಯದಲ್ಲಿ ಶಂತನು ಮೊದಲಾದ ಪಿತೃಪಿತಾಮಹರು, ಕರ್ಣನೊಡಗೂಡಿದ ನೂರು ಸೋದರರು, ಊರ್ವಶಿ ಮೊದಲಾದ ಅಪ್ಸರೆಯರು, ಹಂಸಗಳನ್ನು ಹೂಡಿದ ವೀರವಾಹಿ ವಿಮಾನ ಇವು ಅವನ ಕಣ್ಣಿಗೆ ಕಾಣುತ್ತವೆ. ಇಲ್ಲಿ ಮಿತ್ರಾನುರಾಗವಿದೆ, ಸುಖಾನುಬಂಧವಿದೆ. ರನ್ನನ ದುರ್ಯೋಧನನು ರಣರಂಗದಲ್ಲಿ ಅಭಿಮನ್ಯುವಿನ ಶವವನ್ನು ಕಂಡು ಅಂಥ ಸಾವು ತನಗೂ ಬರಲೆಂದು ಹಾರೈಸುವಲ್ಲಿ ಮರಣಾಶಂಸೆಯೂ ಇದೆ.

ಸ್ವರ್ಗದ ಈ ದರ್ಶನವನ್ನು ನಾಯಕನಿಗೆ ದೊರೆತ ಬಹುಮಾನವೆಂದು ಅನೇಕರು ಓದಿದ್ದಾರೆ. ಆದರೆ ಆ ದರ್ಶನದ ನಡುವೆ, ಇಂದ್ರನ ಕೈಹಿಡಿದು ಐರಾವತದ ಮೇಲಿರುವ ಅಭಿಮನ್ಯು ಕೋಪದಿಂದ ಅವನನ್ನು ಕುರಿತು ಮಾತನಾಡುತ್ತಿದ್ದಾನೆ. ಸ್ವರ್ಗದ ಬಾಗಿಲಲ್ಲಿಯೂ ಕೊಲ್ಲಲ್ಪಟ್ಟ ಬಾಲಕ ನಿಂತಿದ್ದಾನೆ. ಆ ಒಂದು ಮುಖವನ್ನು ಸೇರಿಸಿದ ಕವಿ ತನ್ನ ನಾಯಕನಿಗೆ ಖುಲಾಸೆ ಕೊಡಲು ಬರೆದವನಲ್ಲ. ಅವನ ಕರುಣೆ ಪೂರ್ಣವಾದುದು; ಅವನ ಲೆಕ್ಕವೂ ಪೂರ್ಣವಾದುದು.

ಇತರ ನಾಯಕರೊಡನೆ

ಪಾಶ್ಚಾತ್ಯರ ದುರಂತನಾಟಕಗಳಲ್ಲಿ ಆಕಾಂಕ್ಷೆಯ ನಾಯಕನೆಂದರೆ ಶೇಕ್ಸ್‌ಪಿಯರನ ಮ್ಯಾಕ್‌ಬೆತ್. ಕನ್ನಡಕ್ಕೆ ಅವನು 1895ರಷ್ಟು ಹಿಂದೆಯೇ ಶ್ರೀಕಂಠೇಶಗೌಡರ 'ಪ್ರತಾಪರುದ್ರದೇವ'ನಾಗಿ ಬಂದನು. ಮ್ಯಾಕ್‌ಬೆತ್‌ನಿಗೆ ಕೊಲೆಗೆ ಮೊದಲೇ ಕೊಲೆಯ ಪಾಪ ತಿಳಿದಿದೆ. ತನ್ನನ್ನು ಪ್ರೇರಿಸುತ್ತಿರುವುದು ಆಕಾಂಕ್ಷೆಯೊಂದೇ ಎಂದು ಅವನೇ ಹೇಳಿಕೊಳ್ಳುತ್ತಾನೆ, ತಿಳಿದೂ ಮಾಡುತ್ತಾನೆ, ಮಾಡಿದಂತೆ ಅವನ ಸಂವೇದನೆ ಬತ್ತುತ್ತ ಹೋಗಿ, ಹೆಂಡತಿಯ ಸಾವಿಗೂ ಅಳಲಾರದವನಾಗುತ್ತಾನೆ. ದುರ್ಯೋಧನನದು ವಿಲೋಮಕ್ರಮ. ಮಾಡುವಾಗ ಅವನಿಗೆ ದೋಷ ಕಾಣಲಿಲ್ಲ. ಮುಗಿದ ಮೇಲೆ ಕಂಡಿತು, ಸಂವೇದನೆ ಹೆಚ್ಚಿತು. ಒಬ್ಬನಲ್ಲಿ ಜ್ಞಾನವು ಮೊದಲಿದ್ದು ನಿರರ್ಥಕವಾಯಿತು. ಇನ್ನೊಬ್ಬನಲ್ಲಿ ತಡವಾಗಿ ಬಂದು ನಿರರ್ಥಕವಾಯಿತು. ಮ್ಯಾಕ್‌ಬೆತ್‌ನನ್ನು ಮಕ್ಕಳಿಲ್ಲದ ಕಿರೀಟ ಕಾಡುತ್ತದೆ. ದುರ್ಯೋಧನನಿಗೆ ಕಿರೀಟವಿಲ್ಲದ ಮಗನುಂಟು. ಇಬ್ಬರಲ್ಲಿಯೂ ಕೊನೆಯ ತೊಡಕು ಸಂತತಿಗೆ ರಾಜ್ಯ ಸಲ್ಲಬೇಕೆಂಬ ಆಸೆಯೇ.

ದುರಂತವು ನಮ್ಮ ಶಾಸ್ತ್ರಕ್ಕೆ ಸಲ್ಲದೆಂಬ ಮಾತಿಗೆ ನಾಟ್ಯದರ್ಪಣವೇ ಸಮಾಧಾನ. ರಸಗಳೆಲ್ಲ ಸುಖಾತ್ಮಕವೆಂಬ ಮತವನ್ನು ರಾಮಚಂದ್ರ-ಗುಣಚಂದ್ರರು ಒಪ್ಪುವುದಿಲ್ಲ. ಕರುಣ, ರೌದ್ರ, ಬೀಭತ್ಸ, ಭಯಾನಕಗಳು ದುಃಖಾತ್ಮಕವೇ; ಅವುಗಳಲ್ಲಿ ಚಮತ್ಕಾರ ತೋರುವುದು ಕವಿಯ ಮತ್ತು ನಟನ ಶಕ್ತಿಯಿಂದ ಎಂಬುದು ಅವರ ಮತ. ದುಃಖವನ್ನು ದುಃಖವೆಂದೇ ಒಪ್ಪುವ ಈ ಪ್ರಾಮಾಣಿಕತೆ ಊರುಭಂಗದಂಥ ಕೃತಿಯ ಆಸ್ವಾದಕ್ಕೆ ಅತ್ಯವಶ್ಯ. ಜೈನಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿಯೇ ಹಾಕಿಕೊಟ್ಟ ಈ ತಳಹದಿಯನ್ನು ಕನ್ನಡದ ದುರಂತನಾಟಕ ವಿಮರ್ಶೆಯು ಬೇಕಾದಷ್ಟು ಬಳಸಿಕೊಂಡಿಲ್ಲ.

ಕೊನೆಯದಾಗಿ ರನ್ನನ ಇನ್ನೊಂದು ಕೃತಿಯ ಕಡೆಗೆ ನೋಡಬೇಕು. ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅವನು ರಚಿಸಿದ 'ಅಜಿತಪುರಾಣ'ದಲ್ಲಿ ಸಗರಚಕ್ರವರ್ತಿಯ ಕಥೆಯಿದೆ. ಷಟ್ಖಂಡಾಧಿಪತಿಯಾದ ಸಗರನು ತನ್ನ ಅರವತ್ತು ಸಾವಿರ ಮಕ್ಕಳ ಮರಣವಾರ್ತೆಯನ್ನು ಕೇಳಿ ವಿರಕ್ತನಾಗಿ, ರಾಜ್ಯವನ್ನು ಭಗೀರಥನಿಗೆ ಒಪ್ಪಿಸಿ ದೀಕ್ಷೆ ಹಿಡಿಯುತ್ತಾನೆ. ಗದಾಯುದ್ಧದ ಅರಸನು ತೊಂಬತ್ತೊಂಬತ್ತು ಜನ ತಮ್ಮಂದಿರನ್ನೂ ಮಗ ಲಕ್ಷ್ಮಣಕುಮಾರನನ್ನೂ ಕಳೆದುಕೊಂಡವನು. ನಷ್ಟ ಇಬ್ಬರದೂ ಒಂದೇ ಜಾತಿಯದು. ಒಬ್ಬನಿಗೆ ಅದು ವೈರಾಗ್ಯಕ್ಕೆ ನಿಮಿತ್ತವಾಯಿತು, ಇನ್ನೊಬ್ಬನಿಗೆ ಛಲಕ್ಕೆ ಇಂಧನವಾಯಿತು. ನಿಮಿತ್ತವೊಂದೇ ಸಾಲದು, ಉಪಾದಾನವೂ ಬೇಕೆಂಬ ತತ್ತ್ವವನ್ನು ಒಬ್ಬನೇ ಕವಿ ಲೌಕಿಕ ಮತ್ತು ಆಗಮಿಕ ಕಾವ್ಯಗಳೆರಡರಲ್ಲಿ ಎರಡು ಬಗೆಯಾಗಿ ತೋರಿಸಿದ್ದಾನೆ.

ಊರುಭಂಗವನ್ನು ಇದರೊಡನೆ ಸೇರಿಸಿದರೆ ಭೇದವು ಇನ್ನೂ ಸ್ಪಷ್ಟವಾಗುತ್ತದೆ. ಸಗರನು ತನ್ನ ಕೈಯಲ್ಲಿದ್ದ ರಾಜ್ಯವನ್ನು ಕೊಟ್ಟು ಹೊರಟನು. ಅವನ ಕೈ ಬರಿದಾಯಿತು, ಮನಸ್ಸೂ ಬರಿದಾಯಿತು. ದುರ್ಯೋಧನನು ತನ್ನ ಕೈಯಲ್ಲಿಲ್ಲದ ರಾಜ್ಯವನ್ನು ಮಗನಿಗೆ ಕೊಡಿಸಿಕೊಂಡು ಸಂತೋಷಪಟ್ಟನು. ಬರಿದಾದ ಕೈಯಲ್ಲಿ ಹಿಡಿತ ಮಾತ್ರ ಉಳಿಯಿತು. ಅವನು ಖಳನೆಂದರೆ ಅವನ ಆಲೋಚನೆಗೆ ಅನ್ಯಾಯ. ಅವನು ನಿರ್ದೋಷಿಯೆಂದರೆ ಅಭಿಮನ್ಯುವಿಗೆ ಅನ್ಯಾಯ. ಮಹಾಸತ್ತ್ವವಿದ್ದೂ ಕಷಾಯವನ್ನೇ ತಾನೆಂದು ತಿಳಿದುದರಿಂದ ಕೆಟ್ಟವನು ಎಂಬುದೇ ಅವನ ದುರಂತನಾಯಕತ್ವದ ಸರಿಯಾದ ಅರ್ಥ.

ಬಸದಿಯ ಮುಂದಿನ ಮಾನಸ್ತಂಭವನ್ನು ಕಂಡಾಗ ಬರುವವರ ಮಾನವು ಗಳಿತವಾಗುತ್ತದೆಂದು ನಂಬುಗೆ. ಇಂದ್ರಭೂತಿ ಗೌತಮನ ಪಾಂಡಿತ್ಯಗರ್ವವು ಸಮವಸರಣದ ಮಾನಸ್ತಂಭದರ್ಶನದಿಂದ ಕರಗಿತು. ಅವನು ತನ್ನ ಕಾಲ ಮೇಲೆ ನಡೆದು ಬಂದು, ಬಾಗಿ, ಗಣಧರನಾದನು. ಊರುಭಂಗದ ನಾಯಕನಿಗೆ ಆ ಭಾಗ್ಯ ದೊರೆಯಲಿಲ್ಲ. ಆದರೆ ಅವನು ಏಳಬಯಸಿ ಬೀಳುವುದನ್ನು ಕಂಡ ಪ್ರೇಕ್ಷಕನಿಗೆ ತೊಡೆಗಳಿನ್ನೂ ಗಟ್ಟಿಯಾಗಿವೆ. ಬಾಗುವುದಕ್ಕೆ ಅವನಿಗಿನ್ನೂ ಕಾಲವಿದೆ.